ಕೊಡಗಿನಲ್ಲಿ ಈಗಿನವರಿಗೆ ಮನೆ ಕಟ್ಟಲಾಗದಿರುವುದು ಸೋಮಾರಿತನದಿಂದಲಾ, ಜಾಗದಿಂದಲಾ?

ಕಕ್ಕಡ ಮಳೆ

ಮದುವೆ, ಪುತ್ತರಿ ಹಬ್ಬ, ಸಂಘದ ಸಭೆ, ಎಲ್ಲೇ ನಾಲ್ಕು ಜನ ಸೇರಿದರೂ ಹಿರಿಯರಿಂದ ಒಂದು ಮಾತು ಬಂದೇ ಬರುತ್ತದೆ: ನಾವು ಮೂವತ್ತು ದಾಟುವ ಮೊದಲೇ ಮನೆ ಕಟ್ಟಿದ್ದೆವು, ಈಗಿನ ಹುಡುಗರಿಗೆ ದುಡಿಯುವ ಮನಸ್ಸಿಲ್ಲ. ಕಿರಿಯರ ಉತ್ತರವೂ ಅಷ್ಟೇ ಬಿರುಸು: ನಿಮಗೆ ಎಲ್ಲ ಪುಕ್ಕಟೆ ಸಿಕ್ಕಿತ್ತು. ಲೆಕ್ಕ ಹಾಕದೆ ಆಡುವ ಮಾತಿದು. ಹಾಕಿ ನೋಡೋಣ.

ಕುಶಾಲನಗರದ ಕಡೆ 5 ಸೆಂಟ್ (ಸೆಂಟ್ ಅಂದರೆ ಎಕರೆಯ ನೂರನೇ ಒಂದು ಪಾಲು) ಜಾಗ ಅಂತಿಟ್ಟುಕೊಳ್ಳಿ, ಸೆಂಟಿಗೆ 2.5 ಲಕ್ಷ. ಜಾಗಕ್ಕೇ 12.5 ಲಕ್ಷ. ಮುದ್ರಾಂಕ ಶೇ. 5, ಅದರ ಮೇಲಿನ ಸೆಸ್ ಮತ್ತು ಸರ್‌ಚಾರ್ಜ್, 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದದ್ದು ಶೇ. 2 ಆದ ನೋಂದಣಿ ಶುಲ್ಕ, ಎಲ್ಲ ಸೇರಿ ಹಳ್ಳಿ ಭಾಗದಲ್ಲಿ ಶೇ. 7.65. ಅಂದರೆ 95 ಸಾವಿರದ ಮೇಲೆ. 8 ಚದರದ (800 ಚದರಡಿ) ಮನೆ, ಚದರಡಿಗೆ 2,200 ಹಿಡಿದರೆ 17.6 ಲಕ್ಷ. ಹಿಂದಿನ ಬರೆಗೆ (ಕಡಿದ ಗುಡ್ಡದ ಬದಿಗೆ) ತಡೆಗೋಡೆ ಒಂದೂವರೆ ಲಕ್ಷ. ಒಟ್ಟು 32 ಲಕ್ಷ ದಾಟಿತು. ಬ್ಯಾಂಕು 25 ಲಕ್ಷ ಕೊಟ್ಟರೆ, ಶೇ. 8.5 ಬಡ್ಡಿ, 20 ವರ್ಷಕ್ಕೆ ಕಂತು ಸುಮಾರು 21,700. ಸಂಬಳದ ಶೇ. 45ಕ್ಕಿಂತ ಹೆಚ್ಚು ಕಂತಿಗೆ ಹೋಗಬಾರದು ಅಂದರೆ ಕೈಗೆ ಬರುವ ಸಂಬಳ 48 ಸಾವಿರ ಇರಬೇಕು. ಮೇಲಿನ ಏಳೂವರೆ ಲಕ್ಷ ಕೈಯಿಂದ ಹಾಕಬೇಕು.

ಈಗ ಅದೇ ಮನೆಯನ್ನು ಕುಟುಂಬದ ಜಾಗದಲ್ಲಿ ಕಟ್ಟಿ. ಮನೆ, ತಡೆಗೋಡೆ ಸೇರಿ 19.1 ಲಕ್ಷ. ಸಾಲ 15 ಲಕ್ಷ ಸಾಕು, ಕಂತು ಸುಮಾರು 13,000. 29 ಸಾವಿರ ಸಂಬಳದವನೂ ತೂಗಿಸಬಹುದು.

ಎರಡು ಲೆಕ್ಕದಲ್ಲೂ ಹುಡುಗ ಅವನೇ, ಅವನ ದುಡಿಮೆ ಅಷ್ಟೇ. ವ್ಯತ್ಯಾಸ ಇರುವುದು ಜಾಗದಲ್ಲಿ. ಈ ಮಾತನ್ನು ಹಿರಿಯರು ಒಪ್ಪುತ್ತಾರಾ?

ಹಳೇ ಪಟ್ಟೆ

ಜಾಗದ ಮಾತು ಒಪ್ಪಿದೆ. "ಪುಕ್ಕಟೆ" ಅನ್ನುವ ಮಾತು ಒಪ್ಪುವುದಿಲ್ಲ. 90ರ ದಶಕದಲ್ಲಿ ಗೃಹಸಾಲದ ಬಡ್ಡಿ ಶೇ. 14ರ ಆಸುಪಾಸು ಇತ್ತು. 15 ವರ್ಷದ ಅವಧಿಗೆ ಲಕ್ಷಕ್ಕೆ ತಿಂಗಳಿಗೆ 1,332 ರೂಪಾಯಿ ಕಂತು. ಮೇಲಿನ ಲೆಕ್ಕಕ್ಕೆ ಹಿಡಿದ ಶೇ. 8.5ಕ್ಕೆ 20 ವರ್ಷಕ್ಕೆ 868. ಅಷ್ಟು ಬಡ್ಡಿ ಕೊಡಲಾಗದೆ ಹೆಚ್ಚಿನವರು ಸಾಲವನ್ನೇ ಮಾಡಲಿಲ್ಲ. ಒಂದು ವರ್ಷದ ಫಸಲಿಗೆ ಪಾಯ, ಮುಂದಿನ ಫಸಲಿಗೆ ಗೋಡೆ, ಅದರ ಮುಂದಿನದಕ್ಕೆ ಮಾಡು (ಚಾವಣಿ). ಗಾರೆ ಇಲ್ಲದ ಗೋಡೆಯೊಳಗೆ ನಾಲ್ಕೈದು ಮಳೆಗಾಲ ಕಳೆದ ಸಂಸಾರಗಳು ಎಷ್ಟೋ ಇವೆ. ಈಗಿನವರಿಗೆ ಮೊದಲ ದಿನವೇ ಟೈಲ್ಸ್, ಮಾಡ್ಯುಲರ್ ಅಡುಗೆಮನೆ, ಪಿಓಪಿ ಬೇಕು. ಕಷ್ಟಪಡುವುದು ಎಂದರೆ ಹೆಚ್ಚು ಹೊತ್ತು ದುಡಿಯುವುದು ಮಾತ್ರವಲ್ಲ, ಇಲ್ಲದಿದ್ದಾಗ ಇಲ್ಲದೆ ಇರುವುದೂ ಅದರಲ್ಲಿ ಸೇರುತ್ತದೆ. ಆ ಗುಣ ಕಡಿಮೆಯಾಗಿದೆ ಅಂತ ನಾನು ಈಗಲೂ ಹೇಳುತ್ತೇನೆ.

ಕಂತುಲೆಕ್ಕ

ಪಟ್ಟೆ ಸರ್ ಹೇಳಿದ್ದಕ್ಕೆ ಬ್ಯಾಂಕಿನ ಕಡೆಯಿಂದ ಒಂದು ಅಂಕಿ ಸೇರಿಸುತ್ತೇನೆ, ಅದು ಅವರ ವಾದಕ್ಕೇ ಬಲ ಕೊಡುತ್ತದೆ. ಬೈಕಿಗೋ ಫೋನಿಗೋ ತಿಂಗಳಿಗೆ 6,000 ಕಂತು ಕಟ್ಟುತ್ತಿದ್ದರೆ ಗೃಹಸಾಲದ ಅರ್ಹತೆಯಲ್ಲಿ ಸುಮಾರು 6.9 ಲಕ್ಷ ಕಡಿತ. 6,000ವನ್ನು 868ರಿಂದ ಭಾಗಿಸಿ ನೋಡಿ. ಆದ್ದರಿಂದ ಗೃಹಸಾಲದ ಅರ್ಜಿಗೆ ಮೊದಲು ಸಣ್ಣ ಸಾಲಗಳನ್ನು ಮುಗಿಸಿ, ಬ್ಯಾಂಕಿನಿಂದ "ಬಾಕಿ ಇಲ್ಲ" ಪತ್ರ ತೆಗೆದುಕೊಂಡು, ಸಿಬಿಲ್ ವರದಿಯಲ್ಲಿ ಸಾಲ ಮುಚ್ಚಿದೆ ಅಂತ ಬಂದ ಮೇಲೆ ಮುಂದಕ್ಕೆ ಹೋಗಿ. ಮುಚ್ಚಿದ ಸಾಲ ವರದಿಯಲ್ಲಿ ಇನ್ನೂ ತೆರೆದೇ ಇದ್ದು ಅರ್ಜಿ ನಿಂತುಹೋಗುವುದು ತೀರಾ ಸಾಮಾನ್ಯ.

ಆದರೆ ಊರಲ್ಲೇ ಉಳಿದು ತೋಟ ನೋಡಿಕೊಳ್ಳುವ ಹುಡುಗರಿಗೆ ಬೇರೆಯೇ ತೊಂದರೆ. ದುಡಿಮೆ ಇದೆ, ಆದಾಯ ಇದೆ, ಕಾಗದ ಇಲ್ಲ. ಕಾಫಿಯನ್ನು ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಬೇರ್ಪಡಿಸುವುದು) ಮಾಡಿಸದೆ ಹಾಗೇ ಮಾರಿದರೆ ಅದು ಪೂರ್ತಿ ಕೃಷಿ ಆದಾಯ, ತೆರಿಗೆ ಇಲ್ಲ. ಬೆಳೆಗಾರನೇ ಕ್ಯೂರಿಂಗ್ ಮಾಡಿಸಿ ಮಾರಿದರೆ ಆದಾಯ ತೆರಿಗೆ ನಿಯಮಗಳ ಪ್ರಕಾರ ಶೇ. 25 ಭಾಗ ತೆರಿಗೆಗೆ ಒಳಪಡುತ್ತದೆ. ತೆರಿಗೆ ಇಲ್ಲವೆಂದು ರಿಟರ್ನ್ ಸಲ್ಲಿಸದೇ ಬಿಡುತ್ತಾರೆ. ಬ್ಯಾಂಕಿನ ಕಣ್ಣಿಗೆ ಆಗ ಆ ಆದಾಯ ಇಲ್ಲವೇ ಇಲ್ಲ. ಮನೆ ಕಟ್ಟುವ ಯೋಚನೆ ಇದ್ದರೆ ಮೂರು ವರ್ಷ ಮೊದಲೇ ಶುರು ಮಾಡಿ: ಕೃಷಿ ಆದಾಯ ತೋರಿಸಿ ಐಟಿಆರ್-2 ಸಲ್ಲಿಸಿ (ಕೃಷಿ ಆದಾಯ 5,000 ದಾಟಿದರೆ ಐಟಿಆರ್-1 ಆಗುವುದಿಲ್ಲ), ವ್ಯಾಪಾರಿಯ ಬಿಲ್ ಇಟ್ಟುಕೊಳ್ಳಿ, ಹಣ ಖಾತೆಗೇ ಬರಲಿ. ತೋಟ ಅಪ್ಪನ ಹೆಸರಲ್ಲಿದ್ದು ಮಾರಾಟವೂ ಅಪ್ಪನ ಹೆಸರಲ್ಲಾದರೆ ಮಗ ಎಷ್ಟು ದುಡಿದರೂ ದಾಖಲೆಯಲ್ಲಿ ನಿರುದ್ಯೋಗಿಯೇ. ಅಪ್ಪನನ್ನು ಸಹ-ಅರ್ಜಿದಾರ ಮಾಡಬಹುದು, ಆದರೆ ಅವರ ವಯಸ್ಸು 58 ಇದ್ದರೆ ಕೆಲವು ಬ್ಯಾಂಕು ಅವಧಿಯನ್ನೇ ಮೊಟಕು ಮಾಡಿ ಕಂತು ಏರಿಸುತ್ತವೆ. ಮೊದಲೇ ಕೇಳಿಕೊಳ್ಳಿ.

ಪಟ್ಟಣ ವ್ಯಾಪ್ತಿಯವರು ಪಿಎಂ ಆವಾಸ್ ನಗರ 2.0 ನೋಡಿ. ವರ್ಷದ ಆದಾಯ 9 ಲಕ್ಷದೊಳಗೆ, ಮನೆಯ ಮೌಲ್ಯ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದರೆ ಮೊದಲ 8 ಲಕ್ಷಕ್ಕೆ ಶೇ. 4 ಬಡ್ಡಿ ಸಹಾಯಧನ, ಗರಿಷ್ಠ 1.80 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ದೇಶದಲ್ಲಿ ಎಲ್ಲೂ ಕುಟುಂಬಕ್ಕೆ ಪಕ್ಕಾ ಮನೆ ಇರಬಾರದು.

ಬೋರ್ಡೋ

ದುಡಿಮೆಯ ಮಾತಿಗೆ ಬರುತ್ತೇನೆ. ರೊಬಸ್ಟಾ ಕಾಫಿ ತೋಟ, ಎಕರೆಗೆ ಒಣ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) 50 ಕೆಜಿಯ 17 ಮೂಟೆ ಹಿಡಿಯಿರಿ, ಇದು ಸಾಧಾರಣ ಇಳುವರಿ. 2019-20ರಲ್ಲಿ ಮೂಟೆಗೆ 3,500ರ ಆಸುಪಾಸು ಇದ್ದಾಗ ಎಕರೆಗೆ 60 ಸಾವಿರವೂ ಆಗಲಿಲ್ಲ. ಕೊಯ್ಲು, ಗೊಬ್ಬರ, ಕಪಾತು, ನೀರು ಕಳೆದರೆ ಉಳಿದದ್ದು ಬರೀ ಕೈ. 2025ರ ಆರಂಭದಲ್ಲಿ ಅದೇ ಮೂಟೆ 10,000 ದಾಟಿತು, ಎಕರೆಗೆ 1.7 ಲಕ್ಷ. ಈ ಎರಡು ವರ್ಷಗಳಲ್ಲಿ ಯಾವ ಬೆಳೆಗಾರನೂ ಮೂರು ಪಟ್ಟು ಹೆಚ್ಚು ದುಡಿಯಲಿಲ್ಲ.

ಹಿಂದಿನ ತಲೆಮಾರಿಗೂ ಇದೇ ಆಗಿದ್ದು. ಬೆಳೆಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ (ಒಟ್ಟು ಮಾರಾಟಕ್ಕೆ) ಹಾಕಬೇಕಿದ್ದ ಕಾಲ 90ರ ದಶಕದಲ್ಲಿ ಹಂತ ಹಂತವಾಗಿ ಮುಗಿಯಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಹಾರಿತು. ನಮ್ಮ ಊರುಗಳ ಎಷ್ಟೋ ಆರ್‌ಸಿಸಿ ಮನೆಗಳು ಆ ನಾಲ್ಕೈದು ವರ್ಷದವು. 2001-02ರಲ್ಲಿ ಬೆಲೆ ನೆಲ ಕಚ್ಚಿದಾಗ ದೊಡ್ಡವರಾದ ಮಕ್ಕಳು ಬೆಂಗಳೂರಿಗೆ ಹೋದರು. ತೋಟದ ಕೆಲಸಕ್ಕೆ ಹೆದರಿ ಹೋದರು ಅನ್ನುವುದು ಅನ್ಯಾಯ.

ಉಳಿದವರ ಕೆಲಸವೂ ಹಗುರವಲ್ಲ. ಫೆಬ್ರವರಿ-ಮಾರ್ಚ್‌ನಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಒಂದೊಂದು ಜಾಗಕ್ಕೂ ಇಂಚಿನಿಂದ ಒಂದೂವರೆ ಇಂಚು ನೀರು ಬೀಳಬೇಕು. ಪೈಪು ಬದಲಿಸುವುದು ಅಪರಾತ್ರಿಯಲ್ಲಾದರೂ ಸರಿ, ನೀರು ಕಡಿಮೆಯಾದರೆ ಮೊಗ್ಗು ಅರಳದೆ ಮುರುಟುತ್ತದೆ. ಎರಡು ಮೂರು ವಾರಕ್ಕೆ ಮತ್ತೆ ನೀರು. ಮಳೆಗಾಲಕ್ಕೆ ಮೊದಲು ಮೆಣಸಿನ ಬಳ್ಳಿಗೆ ಶೇ. 1 ಬೋರ್ಡೋ: 100 ಲೀಟರ್ ನೀರಿಗೆ ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಅದೇ ದಿನ ಹೊಡೆದು ಮುಗಿಸಬೇಕು. ಈ ಕೆಲಸವನ್ನೆಲ್ಲ ಈಗ ಕಡಿಮೆ ಕೈಗಳಲ್ಲಿ ಮಾಡುತ್ತಿದ್ದಾರೆ. ಕೊಯ್ಲಿಗೆ ಅಸ್ಸಾಂ, ಬಂಗಾಳದಿಂದ ಬರುವ ತಂಡಗಳನ್ನು ಕಾಯಬೇಕು.

ಪಹಣಿ ಪುಸ್ತಕ

ಕಕ್ಕಡ ಮಳೆಯವರ ಎರಡನೇ ಲೆಕ್ಕ, ಅದೇ ಕುಟುಂಬದ ಜಾಗದ್ದು, ಕಾಗದದ ಮೇಲೆ ಸುಲಭ. ಕೊಡಗಿನಲ್ಲಿ ಅಲ್ಲೇ ಸಿಕ್ಕಿಕೊಳ್ಳುವುದು. ಹಿರಿಯರು ಮನೆ ಕಟ್ಟಿದಾಗ ಯಾರೂ ಭೂಪರಿವರ್ತನೆ (ಕೃಷಿ ಜಮೀನನ್ನು ಮನೆ ಜಾಗ ಮಾಡುವ ಆದೇಶ) ಕೇಳಲಿಲ್ಲ, ಸಾಲವೂ ಇರಲಿಲ್ಲ, ಪಟ್ಟೆದಾರರು (ಕುಟುಂಬದ ಯಜಮಾನರು) ಕೈ ತೋರಿಸಿದ ಕಡೆ ಪಾಯ ತೆಗೆದರು. ಈಗ ಬ್ಯಾಂಕಿಗೆ ಸ್ವಂತ ಹೆಸರು, ಸ್ವಂತ ನಕ್ಷೆ, ಪರಿವರ್ತನೆ ಆದೇಶ ಬೇಕು. ಜಮ್ಮಾ ಜಾಗದ (ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗದ) ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು, ಜೊತೆಗೆ "ಸಂಸಾರದವರು". ಒಂದೇ ಸರ್ವೆ ನಂಬರಿಗೆ ಮೂವತ್ತು ನಲವತ್ತು ಹಕ್ಕುದಾರರು.

ಬಾಣೆ ಮೂಲತಃ ಗದ್ದೆಗೆ ಅಂಟಿಕೊಂಡು ಸೊಪ್ಪು, ಸೌದೆ, ಮೇವಿಗೆ ಶಿಸ್ತು (ಭೂಕಂದಾಯ) ಇಲ್ಲದೆ ಬಿಟ್ಟ ಜಾಗ. ಅದರ ಒಡೆತನದ ಗೊಂದಲ ಬಗೆಹರಿಸಲು 2011ರಲ್ಲಿ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ಬಂತು. ಅದರಿಂದ ಎಲ್ಲರ ಪಹಣಿ ತಾನಾಗಿ ಸರಿಯಾಗಲಿಲ್ಲ. ಕೆಲಸ ನಾವೇ ಮಾಡಿಸಿಕೊಳ್ಳಬೇಕು. ಕ್ರಮ ಹೀಗೆ:

ಮೊದಲು ಹಳೆಯ ಪಹಣಿ, ಮ್ಯುಟೇಷನ್ (ಹಕ್ಕು ಬದಲಾವಣೆ) ಪ್ರತಿಗಳನ್ನು ತಾಲ್ಲೂಕು ಕಚೇರಿಯ ದಾಖಲೆ ವಿಭಾಗದಿಂದ ದೃಢೀಕರಿಸಿ ತೆಗೆಯಿರಿ. ಶಿಸ್ತು ನಿಗದಿಯಾಗಿದೆಯೇ, ಮರದ ಹಕ್ಕು ರಿಡೀಮ್ ಆಗಿದೆಯೇ (ಸರ್ಕಾರಕ್ಕೆ ಹಣ ಕಟ್ಟಿ ಬಿಡಿಸಿಕೊಂಡಿದೆಯೇ) ನೋಡಿ. ರಿಡೀಮ್ ಆಗದ ಜಾಗದ ಮರ ನಿಮ್ಮದಲ್ಲ, ಅದನ್ನು ಕಡಿದು ಬಾಗಿಲು ಮಾಡಿಸುವ ಯೋಚನೆ ಬೇಡ. ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ. ತೀರಿಕೊಂಡವರ ಮರಣ ಪ್ರಮಾಣಪತ್ರ ಒಂದು ಕಡಿಮೆಯಾದರೂ ಇಲ್ಲೇ ತಿಂಗಳುಗಟ್ಟಲೆ ನಿಲ್ಲುತ್ತದೆ. ಅದಾದ ಮೇಲೆ ಮೋಜಿಣಿಯಲ್ಲಿ (ಭೂಮಾಪನ ಇಲಾಖೆಯ ವ್ಯವಸ್ಥೆ) ಪಾಲಿನ ನೋಂದಣಿಗೆ ಬೇಕಾದ 11ಇ ನಕ್ಷೆಗೆ ಅರ್ಜಿ. ಭೂಮಾಪಕರು ಬರುವ ದಿನ ಎಲ್ಲ ಪಾಲುದಾರರೂ ಜಾಗದಲ್ಲಿರಲಿ, ಆಮೇಲೆ ಬೇಲಿಯ ಜಗಳ ಬೇಡ. ನಕ್ಷೆ ಕೈಗೆ ಬಂದ ಮೇಲೆ ಪಾಲುಪಟ್ಟಿ ನೋಂದಣಿ. ಕುಟುಂಬದೊಳಗಿನ ಪಾಲಿಗೆ ಮುದ್ರಾಂಕ ಶುಲ್ಕ ಪಾಲಿಗಿಷ್ಟು ಅಂತ ನಿಗದಿ, ಆಸ್ತಿ ಬೆಲೆಯ ಶೇಕಡಾವಾರು ಅಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಒಕ್ಕಗಳು (ಕೊಡವ ಕುಟುಂಬಗಳು) ಲಕ್ಷಗಟ್ಟಲೆ ಖರ್ಚಾಗುತ್ತದೆ ಅಂತ ಕೂತಿವೆ. ಕೊನೆಗೆ ಮ್ಯುಟೇಷನ್, ಪೋಡಿ (ಸರ್ವೆ ನಂಬರು ಬೇರ್ಪಡಿಸುವುದು), ಮನೆಗೆ ಬೇಕಾದಷ್ಟು ಸೆಂಟಿಗೆ ಮಾತ್ರ ಸೆಕ್ಷನ್ 95ರ ಪರಿವರ್ತನೆ, ಪಂಚಾಯಿತಿಯಲ್ಲಿ ಇ-ಸ್ವತ್ತಿನ ಖಾತೆ.

ಪಾಲುಪಟ್ಟಿಯಲ್ಲಿ ಜನ ಮರೆಯುವುದು ದಾರಿ. ತೋಟದೊಳಗಿನ ದಾರಿ ಎಲ್ಲರಿಗೂ ಗೊತ್ತಿರುವುದೇ ಅಂತ ಬಿಟ್ಟರೆ ಬ್ಯಾಂಕಿನ ವಕೀಲರು "ಸಂಪರ್ಕ ರಸ್ತೆ ಇಲ್ಲ" ಅಂತ ಬರೆದು ವಾಪಸ್ ಕಳಿಸುತ್ತಾರೆ. 12 ಅಡಿ ಅಗಲದ ದಾರಿ ಹಕ್ಕು, ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ಪತ್ರದಲ್ಲೇ ಬರೆಸಿ, ನಕ್ಷೆಯಲ್ಲಿ ತೋರಿಸಿ. ಬಾವಿ, ಕೆರೆ ನೀರಿನ ಪಾಲೂ ಅಷ್ಟೇ.

ಈ ಕೆಲಸವನ್ನು ಹಿರಿಯರು ಬದುಕಿರುವಾಗಲೇ ಮಾಡಬೇಕು. ಯಾರು ಯಾರ ಮಗ, ಯಾವ ಬಾಣೆ ಯಾರ ಅನುಭವದಲ್ಲಿತ್ತು ಅನ್ನುವುದು ಗೊತ್ತಿರುವುದು ಅವರಿಗೇ. 2020ರಲ್ಲಿ ಭೂಸುಧಾರಣಾ ಕಾಯ್ದೆಯ ಸೆಕ್ಷನ್ 79ಎ, 79ಬಿ ರದ್ದಾಗಿ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳುವಂತಾಯಿತು. ನೋಟ ಚೆನ್ನಾಗಿರುವ ಜಾಗದ ಬೆಲೆ ಕಾಫಿ ಇಳುವರಿಯ ಲೆಕ್ಕ ಬಿಟ್ಟು ಎಂದೋ ಮೇಲೆ ಹೋಗಿದೆ. ಪಾಲು ತಡವಾದಷ್ಟೂ "ಮಾರಿ ಹಂಚಿಕೊಳ್ಳೋಣ" ಅನ್ನುವವರ ಸಂಖ್ಯೆ ಹೆಚ್ಚುತ್ತದೆ.

ಗೋಣಿಕೊಪ್ಪದವಳು

ಪಹಣಿ ಸರ್, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿ ಬೇಕೇ ಬೇಕಾ? ಊರಲ್ಲಿ ಇನ್ನೂ "ಅವರು ಬೇರೆ ಒಕ್ಕಕ್ಕೆ ಹೋದವರು" ಅಂತಲೇ ಬರೆಸುತ್ತಾರೆ. ಹುಡುಗರಿಗೇ ಮನೆಗೆ ಜಾಗವಿಲ್ಲ ಅನ್ನುವ ಚರ್ಚೆಯಲ್ಲಿ ಹುಡುಗಿಯರ ಲೆಕ್ಕ ಯಾರೂ ಹಾಕುತ್ತಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡಿ ಊರಲ್ಲೊಂದು ಸಣ್ಣ ಮನೆ ಕಟ್ಟಿಕೊಳ್ಳಬೇಕು ಅನ್ನುವ ಹೆಣ್ಣುಮಕ್ಕಳೂ ಇದ್ದಾರೆ.

ಪಹಣಿ ಪುಸ್ತಕ

ಬೇಕು ಅಕ್ಕ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಮಗಳು ಹುಟ್ಟಿನಿಂದಲೇ ಸಹಭಾಗಿ. 2005ರಲ್ಲಿ ತಂದೆ ಬದುಕಿರಬೇಕಿತ್ತು ಅನ್ನುವ ಷರತ್ತೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ವಂಶವೃಕ್ಷದಲ್ಲಿ ಮಗಳ ಹೆಸರು ಬಿಟ್ಟು ಮಾಡಿದ ಪಾಲುಪಟ್ಟಿಯ ಮೇಲೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಟ್ಟರೂ ಮುಂದೆ ದಾವೆ ಬಂದರೆ ಮನೆಯೇ ತೂಗುಯ್ಯಾಲೆಯಲ್ಲಿ. ಪಾಲು ಬೇಡ ಅನ್ನುವವರು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಡಬೇಕು, ಬಾಯಿಮಾತು ನಡೆಯದು. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಧಿಕಾರ ಪತ್ರ ಕಳಿಸಬಹುದು. ಅದು ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಕಟ್ಟಿಸಬೇಕು.

ಗಾರೆ ಸುಂಟಿಕೊಪ್ಪ

ಕಾಗದ ಆಯಿತು, ಸಾಲ ಆಯಿತು ಅಂತ ಮಾರ್ಚ್‌ನಲ್ಲಿ ಕೆಲಸ ಶುರು ಮಾಡುವವರು ಪ್ರತಿ ವರ್ಷ ಇದ್ದಾರೆ. ಲಿಂಟಲ್ ಹೊತ್ತಿಗೆ ಜೂನ್ ಬರುತ್ತದೆ. ಬ್ಯಾಂಕು ಬಿಡುಗಡೆ ಮಾಡಿದ 8 ಲಕ್ಷಕ್ಕೆ ತಿಂಗಳಿಗೆ 5,667 ಬಡ್ಡಿ ಓಡುತ್ತಿರುತ್ತದೆ, ಜೂನ್‌ನಿಂದ ಸೆಪ್ಟೆಂಬರ್ ಅಂದರೆ 22 ಸಾವಿರದ ಮೇಲೆ, ಬಾಡಿಗೆ ಬೇರೆ. ಮುಚ್ಚದ ಗೋಡೆ ನೀರು ಕುಡಿಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ಅಕ್ಟೋಬರ್‌ಗೆ ಕೆಲಸದವರು ಬೇರೆ ಕಡೆ ಒಪ್ಪಿಕೊಂಡಿರುತ್ತಾರೆ. ಸಾಲದ ಅರ್ಜಿ ಜುಲೈ-ಆಗಸ್ಟ್‌ನಲ್ಲಿ ಹಾಕಿ. ಕಾವೇರಿ ಸಂಕ್ರಮಣ (ಅಕ್ಟೋಬರ್ ಮಧ್ಯ) ಕಳೆದು ಪಾಯ, ಜನವರಿ ಕೊನೆಗೆ ಲಿಂಟಲ್, ಮಾರ್ಚ್‌ನಲ್ಲಿ ಸ್ಲ್ಯಾಬ್, ಮೇ ಮಧ್ಯಕ್ಕೆ ಹೊರಗಿನ ಗಾರೆ ಮುಗಿಯಬೇಕು. ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಲೇಬೇಕು, ಸ್ಲ್ಯಾಬಿಗೆ ಎರಡು ವಾರ ನೀರು ನಿಲ್ಲಿಸಿದರೆ ಒಳ್ಳೆಯದು.

ಹಳೆಯ ಮನೆಗಳನ್ನು ನೋಡಿ ಕಲಿಯುವುದು ಎರಡಿದೆ. ಒಂದು, ಮಾಡಿನ ಅಂಚು ಮೂರಡಿ ಹೊರಗೆ ಚಾಚಿರುತ್ತಿತ್ತು. ಬಯಲುಸೀಮೆಯ ಪ್ಲಾನ್ ಇಳಿಸಿಕೊಂಡು ಚಪ್ಪಟೆ ಆರ್‌ಸಿಸಿ, ಒಂದಡಿ ಸನ್‌ಶೇಡ್ ಮಾಡಿದರೆ ಪಡುವಣ ಗೋಡೆ ಮೊದಲ ಮಳೆಗಾಲಕ್ಕೇ ಪಾಚಿ ಹಿಡಿಯುತ್ತದೆ. ಆಮೇಲೆ ಟ್ರಸ್, ಶೀಟು ಹಾಕಲು ಕೈಯಿಂದ ದುಡ್ಡು. ಅದನ್ನು ಮೊದಲ ಎಸ್ಟಿಮೇಟಿನಲ್ಲೇ ಸೇರಿಸಿದರೆ ಸಾಲದಲ್ಲಿ ಬರುತ್ತದೆ.

ಎರಡು, ಅವರು ಗುಡ್ಡ ಕಡಿಯಲಿಲ್ಲ. ಜೆಸಿಬಿ ಇಲ್ಲದ್ದೂ ಒಂದು ಕಾರಣ. ಅಗ್ಗಕ್ಕೆ ಸಿಗುವ ಜಾಗವೆಲ್ಲ ಈಗ ಇಳಿಜಾರೇ, 15 ಅಡಿ ನೆಟ್ಟಗೆ ಕತ್ತರಿಸಿ ಮಟ್ಟ ಮಾಡುತ್ತಾರೆ. ಗುಡ್ಡ ಕುಸಿದು 2018ರ ಆಗಸ್ಟ್‌ನಲ್ಲಿ ಏನಾಯಿತು, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿ ಬೆಟ್ಟದಲ್ಲಿ ಏನಾಯಿತು ಎಲ್ಲರಿಗೂ ಗೊತ್ತು. ಕಡಿಯಲೇಬೇಕಾದರೆ ಒಂದು ಮೆಟ್ಟಿಲಿಗೆ ಐದಾರು ಅಡಿ ಮೀರದ ಹಾಗೆ, ಹಿಂದಕ್ಕೆ ವಾಲಿಸಿ. ಬರೆಯ ತಲೆಯ ಮೇಲೆ ನೀರು ತಿರುಗಿಸುವ ಚರಂಡಿ ತೆಗೆಯಿರಿ. ತಡೆಗೋಡೆಯ ಹಿಂದೆ ಒಂದಡಿ ದಪ್ಪಕ್ಕೆ ಜಲ್ಲಿ, ಐದಡಿಗೊಂದು 3 ಇಂಚಿನ ಪೈಪು ನೀರಿಳಿಯಲು. ಗೋಡೆ ಬೀಳುವುದು ಮಣ್ಣಿನ ಭಾರಕ್ಕಿಂತ ಹಿಂದೆ ನಿಂತ ನೀರಿನ ಒತ್ತಡಕ್ಕೆ. ಇಂಗುಗುಂಡಿಯನ್ನು ಬರೆಯ ಮೇಲ್ಭಾಗದಲ್ಲಿ ತೋಡಬೇಡಿ. ಗದ್ದೆ ತುಂಬಿಸಿ ಕಟ್ಟುವುದೂ ಬೇಡ, ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತದೆ, ಗೋಡೆ ಮೂಲೆಯಿಂದ ಸೀಳುತ್ತದೆ.

ಪಟ್ಟೆ ಸರ್ ಹೇಳಿದ ಹಾಗೆ ಹಂತ ಹಂತವಾಗಿ ಕಟ್ಟುವುದು ಈಗಲೂ ಆಗುತ್ತದೆ. 8 ಚದರದ ಪಾಯ ಹಾಕಿ 5 ಚದರ ಮುಗಿಸಿ ಒಳಗೆ ಹೋಗಿ. ಮುಂದೆ ಸೇರಿಸುವ ಕಡೆ ಕಂಬಿಯ ತುದಿಗೆ ಸಿಮೆಂಟ್ ಹಾಲು ಬಳಿದು, ಸಿಮೆಂಟ್ ಕಡಿಮೆ ಹಾಕಿದ ಕಾಂಕ್ರೀಟಿನಿಂದ ಮುಚ್ಚಿಡಿ. ಬರಿಗಂಬಿ ಬಿಟ್ಟರೆ ನಮ್ಮ ಮಳೆಗೆ ಉಳಿಯುವುದಿಲ್ಲ.

ಲೈನ್ ಮನೆ ದನಿ

ಇಷ್ಟು ಹೊತ್ತು ಜಮ್ಮಾ, ಬಾಣೆ, ಪಾಲು ಅಂತ ಮಾತಾಡಿದ್ದು ಜಾಗ ಇದ್ದವರ ಬಗ್ಗೆ. ಇದೇ ಜಿಲ್ಲೆಯಲ್ಲಿ ಮೂರು ತಲೆಮಾರು ತೋಟದಲ್ಲಿ ದುಡಿದು ಒಂದು ಸೆಂಟೂ ಇಲ್ಲದವರಿದ್ದಾರೆ. ಅವರ ಬಗ್ಗೆ "ದುಡಿಯುವ ಮನಸ್ಸಿಲ್ಲ" ಅನ್ನಲು ಯಾರಿಗೂ ಬಾಯಿ ಬರಬಾರದು.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆಯ ಕಾಲದಿಂದ ದೊಡ್ಡ ತೋಟದ ಮಾಲೀಕರು ಕಾರ್ಮಿಕರಿಗೆ ವಸತಿ ಕೊಡಬೇಕು. ಕೊಡುವ ವಸತಿ, ಅಂದರೆ ಸಾಲಾಗಿ ಕಟ್ಟಿದ ಲೈನ್ ಮನೆ, ತೋಟದ ಕೆಲಸ ಇರುವಷ್ಟು ದಿನ ಮಾತ್ರ. ಅಪ್ಪ ಅಮ್ಮ ನಿವೃತ್ತರಾದಾಗ ಮಗ ತೋಟಕ್ಕೆ ಬಾರದೆ ಕುಶಾಲನಗರದಲ್ಲಿ ಕೆಲಸಕ್ಕೆ ಹೋದರೆ ಲೈನ್ ಮನೆ ಖಾಲಿ ಮಾಡಬೇಕು. ಹಾಗಾಗಿ ಓದಿದ ಹುಡುಗನೂ ಮನೆ ಉಳಿಸಲು ಕೂಲಿಗೆ ನಿಲ್ಲುತ್ತಾನೆ, ಅಥವಾ ಹೊಲಿಗೆ, ಚಾಲಕ ಕೆಲಸ ಬಿಟ್ಟು ವಾಪಸ್ ಬರುತ್ತಾನೆ. ಎರವ, ಜೇನುಕುರುಬ ಕುಟುಂಬಗಳು ಲೈನ್ ಮನೆ ಬಿಟ್ಟು ಸ್ವಂತ ನೆಲ ಬೇಕೆಂದು 2016ರಲ್ಲಿ ದಿಡ್ಡಳ್ಳಿಯಲ್ಲಿ ಕೂತದ್ದು, ತೆರವು ಆದದ್ದು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟಕ್ಕೆ ಹೋದದ್ದು ಇದೇ ಕಾರಣಕ್ಕೆ.

ಮಾಡಬಹುದಾದ್ದು ಹೇಳುತ್ತೇನೆ. ನಿವೇಶನರಹಿತರ ಪಟ್ಟಿಗೆ ಪಂಚಾಯಿತಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಗ್ರಾಮಸಭೆಯಲ್ಲಿ ಹೆಸರು ಓದುವಾಗ ಹಾಜರಿರಿ. ಲೈನ್ ಮನೆಯನ್ನು "ಮನೆ ಇದೆ" ಅಂತ ಸಮೀಕ್ಷೆಯವರು ಬರೆದುಕೊಂಡರೆ ಆಗಲೇ ಆಕ್ಷೇಪಿಸಿ, ಅದು ಮಾಲೀಕರ ಕಟ್ಟಡ. ಅರಣ್ಯದಂಚಿನ ಆದಿವಾಸಿ ಹಾಡಿಯವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅರಣ್ಯ ಹಕ್ಕು ಸಮಿತಿಗೆ ಅರ್ಜಿ ಕೊಡಬಹುದು. 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅನುಭವದಲ್ಲಿರುವುದಕ್ಕೆ ಸಾಕ್ಷಿ ಬೇಕು.

ನಿವೃತ್ತಿಯ ದಿನ ಗ್ರಾಚ್ಯುಟಿ ಬಿಟ್ಟು ಬರಬೇಡಿ. ದಿನಗೂಲಿಯವರಿಗೆ ವರ್ಷಕ್ಕೆ 15 ದಿನದ ಕೂಲಿ. ಕೊನೆಯ ಕೂಲಿ 450 ಇದ್ದು 25 ವರ್ಷದ ಸೇವೆ ಆಗಿದ್ದರೆ 1,68,750 ರೂಪಾಯಿ. ಗಂಡ ಹೆಂಡತಿ ಇಬ್ಬರದೂ ಸೇರಿದರೆ ಒಂದು ಸಣ್ಣ ಮನೆಯ ಪಾಯ, ಗೋಡೆ ಏಳುತ್ತದೆ. ಹಾಜರಿ ಚೀಟಿ, ಪಿಎಫ್ ಯುಎಎನ್ ಸಂಖ್ಯೆ ಕೈಯಲ್ಲಿರಲಿ. ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲಿ ಒಂದು, ಪಿಎಫ್‌ನಲ್ಲಿ ಇನ್ನೊಂದು ಇದ್ದರೆ ಕೆಲಸದಲ್ಲಿರುವಾಗಲೇ ತಿದ್ದಿಸಿ, ಬಿಟ್ಟ ಮೇಲೆ ಮಾಲೀಕರ ಸಹಿಗೆ ಅಲೆಯಬೇಕಾಗುತ್ತದೆ.

ಹಳೇ ಪಟ್ಟೆ

ಲೈನ್ ಮನೆಯ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ತೋಟದವರು ತಲಾ ಒಂದೆರಡು ಸೆಂಟ್ ಬರೆದುಕೊಟ್ಟರೆ ಕೆಲಸದವರೂ ಉಳಿಯುತ್ತಾರೆ, ತೋಟವೂ ಉಳಿಯುತ್ತದೆ ಅಂತ ನನಗನ್ನಿಸುತ್ತದೆ.

ಪಹಣಿಯವರಲ್ಲಿ ಒಂದು ಕೇಳುವುದಿದೆ. ಪಾಲು ಮಾಡಲು ಇಡೀ ಒಕ್ಕ ಒಪ್ಪುವುದು ತಡವಾಗುತ್ತದೆ. ಅಷ್ಟರೊಳಗೆ ಪಟ್ಟೆದಾರರು ಒಬ್ಬ ಹುಡುಗನಿಗೆ 5 ಸೆಂಟ್ ದಾನಪತ್ರ ಮಾಡಿಕೊಟ್ಟರೆ ಸಾಲ ಸಿಗುತ್ತದೆಯೇ?

ಪಹಣಿ ಪುಸ್ತಕ

ಬೇಡ ಸರ್. ಅವಿಭಕ್ತ ಆಸ್ತಿಯನ್ನು ಯಜಮಾನರು ಪ್ರೀತಿಯಿಂದ ದಾನ ಕೊಡುವಂತಿಲ್ಲ, ಉಳಿದ ಸಹಭಾಗಿಗಳು ಒಪ್ಪದಿದ್ದರೆ ಅದು ನಿಲ್ಲುವುದಿಲ್ಲ. 2022ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೀಗೇ ಹೇಳಿದೆ. ಎಲ್ಲರ ಪಾಲು ಒಟ್ಟಿಗೆ ಆಗದಿದ್ದರೆ ಆ ಸರ್ವೆ ನಂಬರಿಗೆ ಮಾತ್ರ ಭಾಗಶಃ ಪಾಲುಪಟ್ಟಿ ಮಾಡಿ, ಗದ್ದೆ, ಐನ್‌ಮನೆ (ಒಕ್ಕದ ಮೂಲ ಮನೆ), ದೇವರಕಾಡಿನ ಮಾತು ಅದರಲ್ಲಿ ತರಬೇಡಿ. ಜಗಳ ಇರುವುದು ಹೆಚ್ಚಾಗಿ ಅವುಗಳಲ್ಲೇ. ಮನೆಗೆ ಜಾಗ ಬೇಕಾದವರಿಗೆ ತಲಾ 5 ಸೆಂಟ್, ದಾರಿ ಸೇರಿಸಿ, ಉಳಿದದ್ದು ಮೊದಲಿನಂತೆ ಜಂಟಿಯಾಗಿ ಅಂತ ಎಲ್ಲರೂ ಸಹಿ ಹಾಕಲಿ. ಸಹಿ ಹಾಕುವವರ ಪಟ್ಟಿಯನ್ನು ವಂಶವೃಕ್ಷದ ಜೊತೆ ಒಂದೊಂದೇ ಹೆಸರಾಗಿ ತಾಳೆ ನೋಡಿ. ಅರ್ಜಿ ಈ ಮಳೆಗಾಲದಲ್ಲೇ ಹಾಕಿದರೆ ಭೂಮಾಪಕರು ಬರುವ ಹೊತ್ತಿಗೆ ಕಾಡು ಸವರಿ ಗಡಿ ಕಾಣುವ ಹಾಗೆ ಮಾಡಿಕೊಳ್ಳಬಹುದು.